ಅಪ್ರೆಂಟಿಸ್ ಅಂದಮೇಲೆ ಕಲಿಸಬೇಕಲ್ಲ?

ಕಳೆದ ತಿಂಗಳು ಒಂದು ಸಂಜೆ ನಮ್ಮೂರ ಗ್ರಾಮ ಒನ್ ಕೇಂದ್ರಕ್ಕೆ ನಮ್ಮ ಓಣಿಯ ಹುಡುಗಿ ಬಂದಳು. ಬಿ.ಕಾಂ. ಮುಗಿಸಿ ಒಂದು ವರ್ಷವಾಗಿದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಚೇರಿಯೊಂದರಲ್ಲಿ ಒಂದು ವರ್ಷ ಪದವೀಧರ ಅಪ್ರೆಂಟಿಸ್ ಆಗಿ ಬರಬಹುದು ಎಂದು ಅವಳ ಮೊಬೈಲಿಗೆ ಸಂದೇಶ ಬಂದಿತ್ತು. ತಿಂಗಳಿಗೆ 9,000 ರೂಪಾಯಿ. ಅದೇ ವಾರ ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಿಂದ ಬಿಲ್ ಹಾಕುವ ಕೆಲಸಕ್ಕೂ ಕರೆ ಬಂದಿತ್ತು. ಅಲ್ಲಿ 13,000.

“ಅಣ್ಣಾ, ಎಲ್ಲಿಗೆ ಹೋಗ್ಲಿ? ಅಪ್ಪಾಗ ಸರ್ಕಾರಿ ಆಫೀಸು ಅಂದ್ರ ಸರ್ಕಾರಿ ನೌಕರಿನೇ ಸಿಕ್ಕಂಗ. ಆಗ್ಲೇ ನಾಕ್ ಮಂದಿಗೆ ಹೇಳಿ ಬಂದಾನ” ಅಂದಳು.

ಅವಳು ಕೇಳಿದ್ದು ಸರಿಯಾದ ಜನರನ್ನೇ. ಆ ಸಂಜೆ ಅಲ್ಲಿ ಕೂತಿದ್ದ ನಾವು ಮೂವರೂ ಹಿಂದೆ ಸರ್ಕಾರಿ ಕಚೇರಿಯಲ್ಲಿ ಅಪ್ರೆಂಟಿಸ್ ಆಗಿದ್ದವರು. ಒಬ್ಬ ಈಗ ಆ ಗ್ರಾಮ ಒನ್ ನಡೆಸುತ್ತಾನೆ. ಇನ್ನೊಬ್ಬ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಮೂರನೆಯವ ಜಿಲ್ಲಾ ಸುದ್ದಿ ಕಳಿಸುತ್ತಾ ಇಲ್ಲಿ ಬರೆಯುತ್ತಾನೆ. ಈ ಬರಹದಲ್ಲಿ ‘ನಾವು’ ಎಂದರೆ ಆ ಮೂವರು.

ಅವಳಿಗೆ ಹೇಳಿದ ಉತ್ತರವನ್ನು ನಿಮಗೂ ಹೇಳಬೇಕು ಅನ್ನಿಸಿತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಮಕ್ಕಳು ಪ್ರತಿ ಊರಲ್ಲೂ ಇದ್ದಾರೆ. ಇಂಥ ಸಂದೇಶ ನಾಳೆ ನಿಮ್ಮ ಮನೆಗೂ ಬರಬಹುದು.

ನಾವು ಹೋದದ್ದು ಹೇಗೆ

ನಾವು ಓದಿದ್ದು ಜೆಒಸಿ. ಪಿಯುಸಿ ಮಟ್ಟದ ಉದ್ಯೋಗಾಧಾರಿತ ಕೋರ್ಸು. ಲೆಕ್ಕಪತ್ರ ನಮ್ಮ ವಿಷಯ. ಆ ಕೋರ್ಸು ಈಗಿಲ್ಲ, ನಾವು ಕೊನೆಕೊನೆಯ ಬ್ಯಾಚಿನವರು. ಮುಗಿದ ಮೇಲೆ ಒಂದು ವರ್ಷ ಅಪ್ರೆಂಟಿಸ್‌ಗೆ ಹೋಗುವ ಅವಕಾಶ ಇತ್ತು. 2011ರ ಕೊನೆಯಲ್ಲಿ ನಮ್ಮನ್ನು ಒಂದು ಸರ್ಕಾರಿ ಕಚೇರಿಗೆ ಹಾಕಿದರು. ಯಾವ ಕಚೇರಿ ಎಂದು ಹೇಳುವುದು ಬೇಡ. ಅಲ್ಲಿದ್ದವರಲ್ಲಿ ಬಹಳ ಮಂದಿ ಈಗ ನಿವೃತ್ತರು, ಕೆಲವರು ಇಲ್ಲ.

ಸ್ಟೈಪೆಂಡ್ ತಿಂಗಳಿಗೆ ಎರಡು ಸಾವಿರ ಮುಟ್ಟುತ್ತಿರಲಿಲ್ಲ. ಅದೂ ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತಿತ್ತು. ಬಸ್ ಪಾಸು, ಮಧ್ಯಾಹ್ನದ ಊಟ, ಚಹಾ ಕಳೆದರೆ ಮನೆಗೆ ಕೊಡಲು ಏನೂ ಉಳಿಯುತ್ತಿರಲಿಲ್ಲ. ಆದರೂ ಊರಲ್ಲಿ ನಮಗೆ ಭಾರಿ ಮರ್ಯಾದೆ. ಬಸ್ಸಿಗೆ ಹೋಗುವಾಗ “ಆಫೀಸಿಗೆ ಹೊಂಟ್ರೇನ್ರಿ?” ಎಂದು ಹಿರಿಯರೂ ಬಹುವಚನದಲ್ಲಿ ಕೇಳುತ್ತಿದ್ದರು. ನಾವು ಹೂಂ ಅನ್ನುತ್ತಿದ್ದೆವು. ಅಪ್ರೆಂಟಿಸ್ ಅಂದರೆ ನೌಕರಿಯಲ್ಲ ಎಂದು ಬಿಡಿಸಿ ಹೇಳಲು ನಮಗೂ ಮನಸ್ಸಿರಲಿಲ್ಲ.

ಮೊದಲ ದಿನ ನಮಗೆ ಕುರ್ಚಿ ಇರಲಿಲ್ಲ. ಎರಡನೆಯ ದಿನ ಗೋಡೆ ಪಕ್ಕ ಒಂದು ಬೆಂಚು ಹಾಕಿದರು. ಮೂರನೆಯ ದಿನದಿಂದ ಝೆರಾಕ್ಸ್ ಮಾಡಿಸುವುದು, ತಪಾಲು ಒಯ್ಯುವುದು, ಚಹಾ ಹೇಳುವುದು ನಮ್ಮ ಪಾಲಿಗೆ ಬಂತು. ಎರಡು ತಿಂಗಳು ಅದೇ ನಡೆಯಿತು. ಕೆಲಸ ಸಣ್ಣದು ಎಂದು ನಾವು ಬೇಸರ ಮಾಡಿಕೊಂಡವರಲ್ಲ. ಬೇಸರವಾದದ್ದು, ನಾವು ಯಾಕೆ ಬಂದಿದ್ದೇವೆ ಎಂದು ಆ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂಬುದಕ್ಕೆ.

ಕಲಿತದ್ದು ಸುಳ್ಳಲ್ಲ

ಕಲಿತದ್ದನ್ನು ಮೊದಲು ಹೇಳಿಬಿಡುತ್ತೇವೆ. ಇಲ್ಲದಿದ್ದರೆ ಬರೀ ದೂರು ಆಗುತ್ತದೆ.

ಒಂದು ಅರ್ಜಿ ಕಚೇರಿಯೊಳಗೆ ಬಂದ ಮೇಲೆ ಏನಾಗುತ್ತದೆ ಎಂಬುದು ಹೊರಗೆ ನಿಂತವರಿಗೆ ಕಾಣುವುದಿಲ್ಲ. ಮೊದಲು ಆವಕ ವಹಿಯಲ್ಲಿ ಅದಕ್ಕೊಂದು ನಂಬರು, ತಾರೀಕು. ಆಮೇಲೆ ಅದು ಆ ವಿಷಯ ನೋಡುವ ಕೇಸ್ ವರ್ಕರ್ ಮೇಜಿಗೆ. ಅವರು ಕಡತ ತೆರೆಯುತ್ತಾರೆ. ಕಡತದಲ್ಲಿ ಎರಡು ಭಾಗ. ಒಂದು ಕಡೆ ಟಿಪ್ಪಣಿ ಹಾಳೆ, ಇನ್ನೊಂದು ಕಡೆ ಪತ್ರ ವ್ಯವಹಾರ. ಅರ್ಜಿ, ದಾಖಲೆ, ಬಂದ ಪತ್ರ, ಹೋದ ಪತ್ರ ಎಲ್ಲ ಪತ್ರ ವ್ಯವಹಾರದಲ್ಲಿ ಇರುತ್ತವೆ. ಟಿಪ್ಪಣಿಯಲ್ಲಿ ಕೇಸ್ ವರ್ಕರ್ ಏನು ಬರೆದರು, ಮೇಲಿನವರು ಏನು ಕೇಳಿದರು, ಸಾಹೇಬರು ಏನು ಆದೇಶ ಮಾಡಿದರು ಎಂಬುದು ತಾರೀಕು ಸಮೇತ ಇರುತ್ತದೆ. “ಆದೇಶಕ್ಕಾಗಿ ಮಂಡಿಸಿದೆ” ಎಂಬ ಎರಡು ಪದ ಬರೆಯದೆ ಕಡತ ಮೇಲಕ್ಕೆ ಹೋಗುವುದಿಲ್ಲ.

ಇದು ತಿಳಿದರೆ ಅರ್ಧ ಸರ್ಕಾರ ತಿಳಿದ ಹಾಗೆ. ನಮ್ಮಲ್ಲಿ ಸುದ್ದಿ ಬರೆಯುವವನಿಗೆ ಇವತ್ತಿಗೂ ಅನ್ನ ಹಾಕುತ್ತಿರುವುದು ಅದೇ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕುವಾಗ ಬಹಳ ಮಂದಿ “ನನ್ನ ಅರ್ಜಿ ಏನಾಯಿತು ತಿಳಿಸಿ” ಎಂದು ಬರೆಯುತ್ತಾರೆ. “ಪರಿಶೀಲನೆಯಲ್ಲಿದೆ” ಎಂದು ಒಂದು ಸಾಲಿನ ಉತ್ತರ ಬರುತ್ತದೆ. ನಾವು “ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ” ಎಂದು ಬರೆಯುತ್ತೇವೆ. ಆಗ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂಬುದು ತಾರೀಕು ಹಿಡಿದು ಹೊರಗೆ ಬರುತ್ತದೆ.

ಸಹಕಾರಿ ಸಂಘದಲ್ಲಿರುವ ನಮ್ಮ ಗೆಳೆಯ ನಗದು ವಹಿಯನ್ನು ಅವತ್ತಿನದ್ದು ಅವತ್ತೇ ಮುಗಿಸಿ ಏಳುತ್ತಾನೆ. ಅದೂ ಆ ವರ್ಷ ಕಲಿತದ್ದು. ಮಾರ್ಚ್ ಕೊನೆಯ ವಾರ ಬಿಲ್ಲುಗಳನ್ನು ಹೊತ್ತು ಖಜಾನೆಗೆ ಓಡುವಾಗ, ತಾಳೆಯಾಗದ ಒಂದು ರೂಪಾಯಿಗೆ ರಾತ್ರಿ ಒಂಬತ್ತರವರೆಗೆ ಕೂತದ್ದು ಅವನಿಗೆ ಇನ್ನೂ ನೆನಪಿದೆ.

ಆದರೆ ಇದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ನೋಡಿ, ಬೈಸಿಕೊಂಡು, ತಪ್ಪು ಮಾಡಿ ಕಲಿತದ್ದು. ಆ ತಪ್ಪಿಗೆ ದಂಡ ಕಟ್ಟಿದವರು ಬೇರೆ.

ಒಂದು ಅರ್ಜಿ ಕಳೆದ ಕಥೆ

2012ರ ಜನವರಿ ಇರಬೇಕು. ಕೇಸ್ ವರ್ಕರ್ ಒಬ್ಬರಿಗೆ ಎರಡು ಮೇಜಿನ ಕೆಲಸ. ಒಂದು ಹುದ್ದೆ ಖಾಲಿ ಬಿದ್ದು ವರ್ಷಗಳಾಗಿದ್ದವು. ಮೇಲಿನಿಂದ ತಪಾಸಣೆ ಬರುತ್ತದೆ ಎಂದು ಸುದ್ದಿ ಬಂತು. “ಇವನ್ನೆಲ್ಲ ಕಟ್ಟಿ ರೆಕಾರ್ಡ್ ರೂಮಿಗೆ ಹಾಕ್ರಪ್ಪಾ” ಎಂದು ಅವರು ಒಂದು ರಾಶಿ ತೋರಿಸಿ ಮೀಟಿಂಗಿಗೆ ಹೋದರು.

ಮುಗಿದ ಕಡತಕ್ಕೆ ‘ವಿಲೇ’ ಎಂದು ಹಾಕುತ್ತಾರೆ, ಅಂಥದ್ದು ಮಾತ್ರ ರೆಕಾರ್ಡ್ ರೂಮಿಗೆ ಹೋಗಬೇಕು, ಬಾಕಿ ಇದ್ದದ್ದು ಮೇಜಿನ ಮೇಲೇ ಉಳಿಯಬೇಕು. ಇಷ್ಟು ಸಣ್ಣ ಮಾತು ನಮಗೆ ಗೊತ್ತಿರಲಿಲ್ಲ. ನಾವು ಹುರುಪಿನಿಂದ ಎಲ್ಲವನ್ನೂ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಏಣಿ ಹಾಕಿ, ಮೇಲಿನ ಕಪಾಟಿಗೆ ಏರಿಸಿದೆವು. ತಪಾಸಣೆ ದಿನ ಮೇಜು ಸ್ವಚ್ಛ ಇತ್ತು. ನಮ್ಮನ್ನು ಹೊಗಳಿದರು.

ಆ ಗಂಟಿನೊಳಗೆ ಒಬ್ಬ ತಾಯಿಯ ವಿಧವಾ ವೇತನದ ಅರ್ಜಿ ಇತ್ತು.

ಆಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದಳು. ಜೊತೆಗೆ ಐದಾರು ವರ್ಷದ ಮಗ. “ನಂದು ಎಲ್ಲಿಗ್ ಬಂತ್ರೀ ಯಪ್ಪಾ?” ಎಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಕೇಸ್ ವರ್ಕರ್ ಮೇಜು ಹುಡುಕುತ್ತಿದ್ದರು. ಸಿಗುತ್ತಿರಲಿಲ್ಲ. “ಊರಿಂದ ವರದಿ ಬಂದಿಲ್ಲವ್ವಾ, ಮುಂದಿನ ವಾರ ಬಾ” ಅನ್ನುತ್ತಿದ್ದರು. ವರದಿ ಬಂದಿತ್ತು. ಅದೂ ಆ ಗಂಟಿನಲ್ಲೇ ಇತ್ತು. ಆಕೆಗೆ “ಮುಂದಿನ ವಾರ” ಎಂದು ನಾವೂ ಎರಡು ಸಲ ಹೇಳಿದ್ದೇವೆ. ಒಂದು ಸಲ ಬಂದು ಹೋದರೆ ಆಕೆಗೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು.

ಏಪ್ರಿಲ್‌ನಲ್ಲಿ ಅದನ್ನು ಪತ್ತೆ ಮಾಡಿದವರು ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಜವಾನರು. ಅವರು ಓದಿದ್ದು ನಾಲ್ಕನೇ ಇಯತ್ತೆ. “ಜನವರ್ಯಾಗ ಗಂಟು ಕಟ್ಟಿದ್ರಲಾ, ಒಮ್ಮೆ ಬಿಚ್ಚಿ ನೋಡೂಣು ಬರ್ರಿ” ಅಂದರು. ಬಿಚ್ಚಿದೆವು. ಆಕೆಯದ್ದೂ ಸೇರಿ ಬಾಕಿ ಕಡತಗಳು ಒಂದರ ಮೇಲೊಂದು ಹೊರಬಿದ್ದವು. ಅವರು ಬೈಯಲಿಲ್ಲ. ಕಡತದ ಹೊದಿಕೆ ತೋರಿಸಿ, “ಒಳಗಿಂದು ಆಮ್ಯಾಲ ಓದ್ರಿ. ಮೊದಲ ಇದನ್ನ ಓದ್ರಿ” ಅಂದರು. ಒಂದು ವರ್ಷದಲ್ಲಿ ನಮಗೆ ಸಿಕ್ಕ ನಿಜವಾದ ತರಬೇತಿ ತರಗತಿ ಅದೊಂದೇ. ಕಲಿಸಿದವರು ಜವಾನರು.

ತಪ್ಪು ಯಾರದ್ದು? ಕಟ್ಟಿದವರು ನಾವು. ಆದರೆ ನಮ್ಮ ಸಹಿ ಎಲ್ಲೂ ಇರಲಿಲ್ಲ, ನಮ್ಮನ್ನು ಕೇಳುವ ಅಧಿಕಾರವೂ ಯಾರಿಗೂ ಇರಲಿಲ್ಲ. ಕೇಸ್ ವರ್ಕರ್ ಎರಡು ಮೇಜಿನ ಭಾರದಲ್ಲಿದ್ದರು. ಸಾಹೇಬರಿಗೆ ವಿಷಯವೇ ಗೊತ್ತಾಗಲಿಲ್ಲ. ಆಕೆಗೆ ಮಾತ್ರ ಮೂರು ತಿಂಗಳು ಹೋಯಿತು. ನಾವು ಕ್ಷಮೆ ಕೇಳಬೇಕು ಅಂದುಕೊಂಡೆವು. ಧೈರ್ಯ ಬರಲಿಲ್ಲ. ಮಂಜೂರಾತಿ ಆದೇಶ ಕೈಗೆ ಕೊಟ್ಟಾಗ ಆಕೆ ನಮಗೇ ಕೈಮುಗಿದು ಹೋದಳು. ಅದು ಇವತ್ತಿಗೂ ಚುಚ್ಚುತ್ತದೆ.

ಅದೇ ತಿಂಗಳು, 2012ರ ಏಪ್ರಿಲ್ 2ರಂದು, ಸಕಾಲ ರಾಜ್ಯದ ಎಲ್ಲ ಕಡೆ ಜಾರಿಗೆ ಬಂತು. ಅರ್ಜಿಗೆ ಒಂದು ನಂಬರು, ಕೆಲಸ ಮುಗಿಸಲು ಇಂತಿಷ್ಟು ದಿನ ಎಂಬ ಗಡುವು. ಎರಡು ಮೂರು ತಿಂಗಳು ಮೊದಲೇ ಬಂದಿದ್ದರೆ ಆಕೆಯ ಅರ್ಜಿ ಬಾಕಿ ಇದೆ ಎಂದು ಕಂಪ್ಯೂಟರಾದರೂ ಹೇಳುತ್ತಿತ್ತು.

ಕಾನೂನು ಏನು ಹೇಳುತ್ತದೆ

ಆಗ ನಮಗೆ ಕಾನೂನು ಗೊತ್ತಿರಲಿಲ್ಲ. ಆಮೇಲೆ ಓದಿದೆವು.

ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಮೊದಲು ಐಟಿಐ ಥರದ ಕೆಲಸಗಳಿಗೆ. 1973ರಲ್ಲಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾದವರನ್ನು ಸೇರಿಸಿದರು. 1986ರಲ್ಲಿ ನಮ್ಮಂಥ ವೃತ್ತಿ ಕೋರ್ಸಿನವರನ್ನು. 2014ರ ತಿದ್ದುಪಡಿ ಬಂದ ಮೇಲೆ ಬಿ.ಎ., ಬಿ.ಕಾಂ. ಓದಿದವರಿಗೂ ಬಾಗಿಲು ತೆರೆಯಿತು. ನಮ್ಮ ಓಣಿಯ ಹುಡುಗಿಗೆ ಸಂದೇಶ ಬಂದದ್ದು ಆ ಬಾಗಿಲಿನಿಂದ.

30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರವರೆಗೆ. ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಎಂದು 2019ರಲ್ಲಿ ನಿಯಮ ಮಾಡಿದರು. ಈ ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಮೊತ್ತವನ್ನು ಶೇ. 36ರಷ್ಟು ಏರಿಸಬೇಕು ಎಂದು 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಷಿಪ್ ಮಂಡಳಿ ಶಿಫಾರಸು ಮಾಡಿದೆ. ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ದಿನ ಯಾವ ಮೊತ್ತ ಜಾರಿಯಲ್ಲಿದೆ ಎಂದು ಕೇಳಿಯೇ ಸಹಿ ಹಾಕಿ.

ಈಗ ಮುಖ್ಯ ಮಾತು. ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಪಿಎಫ್ ಇಲ್ಲ, ಕನಿಷ್ಠ ಕೂಲಿಯ ಮಾತಿಲ್ಲ. ಕೆಲಸದ ವೇಳೆ ಅಪಘಾತವಾದರೆ ಪರಿಹಾರ ಉಂಟು, ಅಷ್ಟೇ. ಯಾಕೆ ಹೀಗೆ? ಅವನು ಕಲಿಯಲು ಬಂದವನು, ಸಂಸ್ಥೆ ಅವನಿಗೆ ವಿದ್ಯೆ ಕೊಡುತ್ತಿದೆ, ಆದ್ದರಿಂದ ಸಂಬಳ ಕಡಿಮೆ ಇದ್ದರೂ ನಡೆಯುತ್ತದೆ ಎಂಬುದು ಕಾನೂನಿನ ಲೆಕ್ಕ.

ಆ ಲೆಕ್ಕದ ಇನ್ನೊಂದು ಬದಿ 11ನೇ ಸೆಕ್ಷನ್‌ನಲ್ಲಿದೆ. ತರಬೇತಿ ಕೊಡುವುದು ಸಂಸ್ಥೆಯ ಕರ್ತವ್ಯ. ತರಬೇತಿಯ ಹೊಣೆ ಹೊರಲು ಅರ್ಹ ವ್ಯಕ್ತಿಯೊಬ್ಬರು ಇರಬೇಕು. ಅಂದರೆ ಕಡಿಮೆ ದುಡ್ಡು ಮತ್ತು ಕಲಿಸುವ ಹೊಣೆ, ಎರಡೂ ಒಂದೇ ಒಪ್ಪಂದದ ಎರಡು ಕಾಲು. ನಮ್ಮ ಕಚೇರಿಗಳು ಒಂದು ಕಾಲಿನ ಮೇಲೆ ನಿಂತಿವೆ. ಸಂಬಳದ ಮಾತು ಬಂದಾಗ “ನೀವು ಟ್ರೈನಿಗಳು”. ಕೆಲಸದ ಮಾತು ಬಂದಾಗ “ನೀವೂ ಸ್ಟಾಫೇ ಅಲ್ವಾ, ಭಾನುವಾರ ಬನ್ನಿ”. ಅಪ್ರೆಂಟಿಸ್‌ಗೆ ಅಪ್ರೆಂಟಿಸ್‌ಷಿಪ್ ಸಲಹೆಗಾರರ ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಎಂದು ಅದೇ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ನಾವು ಎಷ್ಟು ಭಾನುವಾರ ಹೋಗಿದ್ದೇವೋ ಲೆಕ್ಕ ಇಟ್ಟಿಲ್ಲ.

ನಮ್ಮ ಹತ್ತಿರ ಒಂದು ದಿನಚರಿ ಪುಸ್ತಕ ಇತ್ತು. ಏನು ಕಲಿತೆವು ಎಂದು ಅದರಲ್ಲಿ ಬರೆದು ಸಹಿ ಮಾಡಿಸಬೇಕಿತ್ತು. ಮೂರು ತಿಂಗಳಿಗೊಮ್ಮೆ ಒಂದೇ ಮಧ್ಯಾಹ್ನ ಕೂತು ತುಂಬುತ್ತಿದ್ದೆವು. “ಕಡತ ನಿರ್ವಹಣೆ”, “ಲೆಕ್ಕಪತ್ರ ನಿರ್ವಹಣೆ” ಎಂದು ಹಿಂದಿನ ಬ್ಯಾಚಿನವರದ್ದು ನೋಡಿ ನಕಲು ಮಾಡಿದೆವು. ಯಾರೂ ಓದದೆ ಸಹಿ ಹಾಕಿದರು. ಗಂಟು ಕಟ್ಟಿದ ದಿನದ ಎದುರು ಏನು ಬರೆದೆವು ಗೊತ್ತೇ? “ದಾಖಲೆ ವಿಂಗಡಣೆ”.

ಕಚೇರಿಯವರ ಮಾತೂ ಕೇಳೋಣ

ಈಚೆಗೆ ಇದೇ ವಿಷಯ ಒಬ್ಬ ಅಧಿಕಾರಿಯ ಮುಂದೆ ಎತ್ತಿದೆವು. “ನಮಗೇ ಮಂದಿ ಇಲ್ಲ. ಮೂವರು ಮಾಡೋ ಕೆಲಸ ಒಬ್ಬ ಮಾಡ್ತಾನೆ. ಅವನು ಪಾಠ ಹೇಳ್ತಾ ಕೂತರೆ ಜನರ ಕೆಲಸ ಯಾರು ಮಾಡೋದು?” ಅಂದರು.

ಅದು ನೆಪದ ಮಾತಲ್ಲ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಎಂದು ಸರ್ಕಾರವೇ ಒಪ್ಪಿಕೊಂಡಿದೆ. ನಮ್ಮ ಕೇಸ್ ವರ್ಕರ್ ಕೆಟ್ಟವರಾಗಿರಲಿಲ್ಲ. ಊಟದ ಡಬ್ಬಿ ಬಿಚ್ಚಿದಾಗ ನಮಗೂ ಒಂದು ರೊಟ್ಟಿ ಕೊಡುತ್ತಿದ್ದರು. ಅವರಿಗೆ ಸಮಯ ಇರಲಿಲ್ಲ.

ಆದರೆ ಅಪಾಯ ಇರುವುದೇ ಇಲ್ಲಿ. ಹುದ್ದೆ ಖಾಲಿ ಇದೆ, ನೇಮಕಾತಿ ಇಲ್ಲ, ಹಾಗಾಗಿ ಅಪ್ರೆಂಟಿಸ್ ಕೂರಿಸೋಣ ಎಂದರೆ ಮೂರು ಕಡೆ ಅನ್ಯಾಯವಾಗುತ್ತದೆ. ಕಲಿಯಲು ಬಂದವರಿಗೆ ವಿದ್ಯೆ ಸಿಗುವುದಿಲ್ಲ. ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಾ ಕೂತವರಿಗೆ ಹುದ್ದೆ ಸಿಗುವುದಿಲ್ಲ. ಅರ್ಜಿ ಹಿಡಿದು ಬಂದವರಿಗೆ, ಕೆಲಸ ಗೊತ್ತಿಲ್ಲದ, ಸಹಿ ಮಾಡುವ ಅಧಿಕಾರವಿಲ್ಲದ, ಹೊಣೆಯೂ ಇಲ್ಲದ ಒಬ್ಬರು ಎದುರಿಗೆ ಸಿಗುತ್ತಾರೆ. ವರ್ಷ ಮುಗಿದ ಮೇಲೆ ಅವರೂ ಹೋಗುತ್ತಾರೆ, ಹೊಸಬರು ಬರುತ್ತಾರೆ. ಮೊದಲಿಂದ ಮತ್ತೆ ಗಂಟು.

ಈಗ ಕಾಗದದ ಬದಲು ಕಂಪ್ಯೂಟರ್. ಗಂಟು ಕಟ್ಟುವ ಜಾಗದಲ್ಲಿ ಲಾಗಿನ್ ಬಂದಿದೆ. “ನನ್ನ ಪಾಸ್‌ವರ್ಡ್ ಹಾಕಿ ಮುಗಿಸಿಬಿಡು” ಎಂದು ಹೇಳಿ ಮೀಟಿಂಗಿಗೆ ಹೋಗುವವರು ಇವತ್ತಿಗೂ ಇದ್ದಾರೆ. ಕಪಾಟಿನಲ್ಲಿ ಕಳೆದ ಕಡತವನ್ನು ಜವಾನರು ಹುಡುಕಿ ಕೊಟ್ಟರು. ತಪ್ಪಾಗಿ ‘ತಿರಸ್ಕೃತ’ ಎಂದು ಒತ್ತಿದ ಅರ್ಜಿಯನ್ನು ಯಾವ ಗಂಟು ಬಿಚ್ಚಿ ಹುಡುಕುವುದು?

ದುಬಾರಿಯಲ್ಲದ ನಾಲ್ಕು ಕೆಲಸ

ನಮ್ಮ ಬೇಡಿಕೆ ದೊಡ್ಡದಲ್ಲ. ಸರ್ಕಾರ ಹೊಸ ಯೋಜನೆ ಮಾಡುವುದು ಬೇಡ, ಕಾಯ್ದೆಯಲ್ಲಿ ಇರುವುದನ್ನು ಮಾಡಿದರೆ ಸಾಕು.

ಒಂದು, ಮೊದಲ ಹದಿನೈದು ದಿನ ಕಲಿಕೆಗೇ ಮೀಸಲಿಡಿ. ಆವಕ, ಜಾವಕ, ಕಡತದ ಹೊದಿಕೆ, ವಿಲೇ, ಬಾಕಿ ಇವಿಷ್ಟನ್ನು ಒಬ್ಬರು ದಿನಕ್ಕೆ ಒಂದು ಗಂಟೆ ಕೂತು ಹೇಳಿಕೊಟ್ಟರೆ ಮುಂದಿನ ಹನ್ನೊಂದು ತಿಂಗಳು ಕಚೇರಿಗೇ ಲಾಭ. ಬೇಕಾದರೆ ನಿವೃತ್ತ ಗುಮಾಸ್ತರನ್ನು ಕರೆಸಿ. ಊರೂರಲ್ಲಿ ಇದ್ದಾರೆ, ಕರೆದರೆ ಖುಷಿಯಿಂದ ಬರುತ್ತಾರೆ.

ಎರಡು, ಮೂರು ತಿಂಗಳಿಗೊಮ್ಮೆ ಮೇಜು ಬದಲಿಸಿ. ತಪಾಲು, ಲೆಕ್ಕಪತ್ರ, ಅರ್ಜಿ ವಿಭಾಗ, ರೆಕಾರ್ಡ್ ರೂಮು. ಇಡೀ ವರ್ಷ ಝೆರಾಕ್ಸ್ ಯಂತ್ರದ ಮುಂದೆ ನಿಲ್ಲಿಸಿದರೆ ಅದು ತರಬೇತಿಯಲ್ಲ.

ಮೂರು, ದಿನಚರಿಗೆ ಸಹಿ ಹಾಕುವವರು ಓದಿ ಸಹಿ ಹಾಕಲಿ. ತಿಂಗಳಿಗೆ ಹತ್ತು ನಿಮಿಷದ ಕೆಲಸ.

ನಾಲ್ಕು, ಅಪ್ರೆಂಟಿಸ್ ಕೈಗೆ ಯಾರ ಲಾಗಿನ್ನೂ ಕೊಡಬೇಡಿ. ಅವರಿಗೇ ಒಂದು ಲಾಗಿನ್ ಕೊಡಿ. ಕರಡು ಸಿದ್ಧ ಮಾಡುವಷ್ಟು ಅಧಿಕಾರ ಇರಲಿ, ಒಪ್ಪಿಗೆ ಕೇಸ್ ವರ್ಕರ್ ಕೊಡಲಿ. ಆಗ ಯಾರು ಏನು ಮಾಡಿದರು ಎಂಬುದು ದಾಖಲಾಗುತ್ತದೆ.

ಹೋಗುವ ಮಕ್ಕಳಿಗೆ ನಮ್ಮ ಮಾತು

ಮೊದಲು ಒಪ್ಪಂದ ನೋಡಿ. ಪದವೀಧರರಿಗೆ, ಡಿಪ್ಲೊಮಾದವರಿಗೆ ಎನ್‌ಎಟಿಎಸ್ ಎಂಬ ಕೇಂದ್ರ ಸರ್ಕಾರದ ಪೋರ್ಟಲ್ ಇದೆ. ದಕ್ಷಿಣದ ರಾಜ್ಯಗಳಿಗೆ ಚೆನ್ನೈನಲ್ಲಿರುವ ಅಪ್ರೆಂಟಿಸ್‌ಷಿಪ್ ತರಬೇತಿ ಮಂಡಳಿ ಇದನ್ನು ನೋಡಿಕೊಳ್ಳುತ್ತದೆ. ನಿಮ್ಮ ಒಪ್ಪಂದ ಅಲ್ಲಿ ನೋಂದಣಿ ಆಗಿದ್ದರೆ ಮಾತ್ರ ನೀವು ಕಾಯ್ದೆಯ ಪ್ರಕಾರ ಅಪ್ರೆಂಟಿಸ್, ಕೊನೆಗೆ ಪ್ರಮಾಣಪತ್ರವೂ ಬರುತ್ತದೆ. “ಸುಮ್ಮನೆ ಬನ್ನಿ, ಆಮೇಲೆ ಮಾಡೋಣ” ಅಂದರೆ ಹೋಗಬೇಡಿ. ಕೇಂದ್ರದ ಪಾಲು ನೇರ ಖಾತೆಗೆ ಬರುವುದರಿಂದ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ದುಡ್ಡಿನ ಲೆಕ್ಕ ಸರಿಯಾಗಿ ಹಾಕಿ. ಅಪ್ರೆಂಟಿಸ್ ವೇತನ ಪಡೆಯುವವರಿಗೆ ಯುವನಿಧಿ ಸಿಗುವುದಿಲ್ಲ. ತಿಂಗಳಿಗೆ 3,000 ಯುವನಿಧಿ ಬರುತ್ತಿದ್ದರೆ ಅದು ನಿಲ್ಲುತ್ತದೆ. ಅಂದರೆ 9,000ದಲ್ಲಿ ನಿಮಗೆ ಹೊಸದಾಗಿ ಸಿಗುವುದು 6,000. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯುತ್ತದೆ. ಗಂಡುಮಕ್ಕಳು ಅದನ್ನೂ ಕಳೆಯಬೇಕು.

ನೌಕರಿಯ ಆಸೆ ಇಟ್ಟುಕೊಂಡು ಹೋಗಬೇಡಿ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದು ಕಾಯ್ದೆ ಹೇಳುವುದಿಲ್ಲ. ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಬೇರೆಲ್ಲ ಸಮನಾಗಿದ್ದರೆ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕು ಎಂದು ಹೇಳಿದೆ. ಆದ್ಯತೆ ಬೇರೆ, ನೌಕರಿ ಬೇರೆ. ಎಫ್‌ಡಿಎ, ಎಸ್‌ಡಿಎ ಆಗಬೇಕಾದರೆ ಸ್ಪರ್ಧಾತ್ಮಕ ಪರೀಕ್ಷೆ ಬರೆದೇ ಆಗಬೇಕು. “ಸ್ವಲ್ಪ ಖರ್ಚು ಮಾಡಿದ್ರ ಇಲ್ಲೇ ಪರ್ಮನೆಂಟ್ ಮಾಡಸ್ತೀವಿ” ಎಂದು ಯಾರಾದರೂ ಹೇಳಿದರೆ ಅವರಿಂದ ದೂರ ಇರಿ. ನಮಗೂ ಒಬ್ಬ ಹೇಳಿದ್ದ. ದುಡ್ಡು ಇರಲಿಲ್ಲ, ಅದಕ್ಕೇ ಬಚಾವಾದೆವು.

ದಿನಚರಿಯನ್ನು ಅವತ್ತಿನದ್ದು ಅವತ್ತೇ ಬರೆಯಿರಿ. ಇಂಥ ಕೆಲಸ ಯಾರು ಹೇಳಿದರು, ಏನು ಮಾಡಿದೆ, ಏನು ಅರ್ಥವಾಗಲಿಲ್ಲ ಎಂದು. ನಾಳೆ ತಪ್ಪು ನಿಮ್ಮ ತಲೆಗೆ ಬಂದರೆ ಆ ಪುಸ್ತಕವೇ ನಿಮ್ಮ ಸಾಕ್ಷಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ನಾವು ಜನವರಿಯಲ್ಲಿ ಒಂದು ಪ್ರಶ್ನೆ ಕೇಳಿದ್ದರೆ ಒಂದು ಮನೆಗೆ ಮೂರು ತಿಂಗಳು ಮೊದಲೇ ಹಣ ಬರುತ್ತಿತ್ತು. ಕೇಳಿದರೆ ದಡ್ಡರು ಅಂದುಕೊಳ್ಳುತ್ತಾರೆ ಎಂದು ಸುಮ್ಮನಿದ್ದೆವು.

ಹುಡುಗಿಗೆ ಹೇಳಿದ್ದು

ಇಷ್ಟೆಲ್ಲ ಕೇಳಿ ಅವಳು, “ಹಂಗಾರ ಹೋಗಬ್ಯಾಡ ಅಂತೀರೇನು?” ಅಂದಳು.

ಹೋಗು ಅಂದೆವು. ಮನೆಯಲ್ಲಿ 13,000ದ ಅಗತ್ಯ ಈ ತಿಂಗಳೇ ಇದ್ದರೆ ಹುಬ್ಬಳ್ಳಿಗೆ ಹೋಗು, ಅದರಲ್ಲಿ ನಾಚಿಕೆ ಏನಿಲ್ಲ. ಒಂದು ವರ್ಷ ತಾಳುವ ಶಕ್ತಿ ಮನೆಗೆ ಇದ್ದರೆ ಕಚೇರಿಗೆ ಹೋಗು. ನಮ್ಮೂರಿನಿಂದ ಅರ್ಜಿ ಹಿಡಿದು ಹೋಗುವವರು ನೂರು ಮಂದಿ ಇದ್ದಾರೆ, ಆ ಅರ್ಜಿ ಒಳಗೆ ಎಲ್ಲಿ ನಿಲ್ಲುತ್ತದೆ ಎಂದು ಬಲ್ಲವರು ನಾಲ್ಕು ಮಂದಿಯೂ ಇಲ್ಲ. ನೀನು ಐದನೆಯವಳಾಗು. ಆದರೆ ನಿನ್ನಪ್ಪನಿಗೆ ಇವತ್ತೇ ಹೇಳು, ಇದು ನೌಕರಿಯಲ್ಲ, ಒಂದು ವರ್ಷದ ಶಾಲೆ ಅಂತ. ಮೊದಲ ದಿನ ಹೋದ ಕೂಡಲೇ, ನನಗೆ ಕಲಿಸುವವರು ಯಾರು ಎಂದು ಕೇಳು. ಆ ಪ್ರಶ್ನೆ ಕೇಳುವ ಹಕ್ಕು ನಿನಗೆ ಕಾನೂನಿನಲ್ಲೇ ಇದೆ.

ಅವಳು ಹೋಗಿದ್ದಾಳೆ. ಮೊನ್ನೆ ಫೋನ್ ಮಾಡಿದ್ದಳು. ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಆಮೇಲೆ ಮೂಲೆಯ ಮೇಜಿನ ಮೇಡಂ ಒಬ್ಬರು ಕುರ್ಚಿ ಎಳೆದು, “ಬಾರವ್ವಾ, ಇಲ್ಲಿ ಕೂಡು” ಅಂದರಂತೆ. ಆವಕ ವಹಿ ಬರೆಯುವುದನ್ನು ಕಲಿಯುತ್ತಿದ್ದಾಳೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹೀಗೆ ಅಪ್ರೆಂಟಿಸ್‌ಗೆ ಹೋದ ಮಕ್ಕಳಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ, ಈ ವಾರ ಏನು ಕಲಿತೆ ಎಂದು. ಅವರು ಉತ್ತರ ಹೇಳಲು ತಡವರಿಸಿದರೆ ಆ ಕಚೇರಿಗೆ ಹೋಗಿ ಅದೇ ಪ್ರಶ್ನೆ ಕೇಳಿ. ನಿಮ್ಮ ಅರ್ಜಿಯೂ ನಾಳೆ ಆ ಮಕ್ಕಳ ಕೈಗೇ ಹೋಗುವುದು.